ಈ ‘ಹಿಸ್’ ಯಾರ ಕಡೆಯದು?

ಬ್ಯಾಂಕು, ಎಸ್‌ಎಸ್‌ಸಿ, ಕೆಪಿಎಸ್‌ಸಿ ಎಂದು ಊರು ಬಿಟ್ಟು ಬಂದು, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳೇ, ಇಂಗ್ಲಿಷ್ ವ್ಯಾಕರಣದ ಒಂದು ಚಿಕ್ಕ ಮೂಲೆಯ ಬಗ್ಗೆ ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕಾಗಿದೆ. ವಾಕ್ಯವನ್ನು ಮೂರು ನಾಲ್ಕು ತುಂಡು ಮಾಡಿ, ಯಾವ ತುಂಡಿನಲ್ಲಿ ತಪ್ಪಿದೆ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗಳಲ್ಲಿ ಸರ್ವನಾಮದವು ಬಹಳ ಮೋಸದವು. ಕಷ್ಟದ ಪದ ಒಂದೂ ಇರುವುದಿಲ್ಲ. ಹಿ, ಹಿಸ್, ಇಟ್ಸ್, ದೇರ್, ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್, ಎಲ್ಲ ಪ್ರೈಮರಿ ಶಾಲೆಯ ಪದಗಳೇ. ಓದುವಾಗ ಕಣ್ಣು ಎಲ್ಲೂ ಎಡವುವುದಿಲ್ಲ. ‘ನೋ ಎರರ್’ ಎಂದು ಗುರುತು ಹಾಕಿ ಮುಂದಕ್ಕೆ ಹೋಗುತ್ತೀರಿ. ಎಸ್‌ಎಸ್‌ಸಿಯ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, ಒಂದೊಂದಕ್ಕೆ 2 ಅಂಕ, ತಪ್ಪು ಉತ್ತರಕ್ಕೆ 0.50 ಕಡಿತ. ಇಂಥ ಎರಡು ಪ್ರಶ್ನೆ ಕೈತಪ್ಪಿದರೆ, ಸರಿ ಬರೆದವನಿಗಿಂತ ನೀವು ಐದು ಅಂಕ ಹಿಂದೆ. ಐದು ಅಂಕದಲ್ಲಿ ಎಷ್ಟು ಜನರ ಹೆಸರು ಪಟ್ಟಿಯಿಂದ ಆಚೆ ಬೀಳುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಕಿವಿ. ಅದು ಕನ್ನಡಕ್ಕೆ ಪಳಗಿದ ಕಿವಿ. ಕನ್ನಡದಲ್ಲಿ ಸರಿಯಾಗಿ ಕೇಳಿಸುವುದನ್ನು ಇಂಗ್ಲಿಷಿನಲ್ಲೂ ಸರಿ ಎಂದು ಸಲೀಸಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಕೋಚಿಂಗ್ ಸೆಂಟರಿನ ನೋಟ್ಸ್ ಬರೆಯುವವರು ಉತ್ತರ ಭಾರತದ ಪುಸ್ತಕಗಳಿಂದ ಇಳಿಸಿಕೊಂಡ ನಿಯಮಗಳನ್ನು ಸಾಲಾಗಿ ಕೊಡುತ್ತಾರೆ, ನೀವು ಬಾಯಿಪಾಠ ಮಾಡುತ್ತೀರಿ. ಆದರೆ ಕನ್ನಡದವರು ಎಡವುವ ಜಾಗ ಬೇರೆ, ಅದನ್ನು ಆ ನೋಟ್ಸ್‌ನಲ್ಲಿ ಯಾರೂ ಗುರುತು ಮಾಡಿರುವುದಿಲ್ಲ. ನಾನು ಆ ಜಾಗಗಳನ್ನಷ್ಟೇ ತೋರಿಸುತ್ತೇನೆ.

ಮೊದಲು ಒಂದು ಅಭ್ಯಾಸ. ಮದುವೆ ಮನೆಯಲ್ಲಿ ಗುರುತಿಲ್ಲದವರು ಎದುರಾದರೆ ‘ನೀವು ಯಾರ ಕಡೆಯವರು?’ ಎಂದು ಕೇಳುತ್ತೇವಲ್ಲ, ವಾಕ್ಯದಲ್ಲಿ ಸರ್ವನಾಮ ಕಂಡ ಕೂಡಲೇ ಅದನ್ನೇ ಕೇಳಿ. ಈ ‘ಹಿಸ್’ ಯಾರ ಕಡೆಯದು? ಈ ‘ದೇರ್’ ಯಾರ ಕಡೆಯದು? ಉತ್ತರ ಸಿಕ್ಕಿದ ನಾಮಪದದವರೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ಕಂಪ್ಯೂಟರ್ ಪರೀಕ್ಷೆಯಾದರೆ ಮನಸ್ಸಿನಲ್ಲೇ ಎಳೆಯಿರಿ. ಗೆರೆಯ ಎರಡು ತುದಿಗಳಲ್ಲಿ ವಚನ, ಲಿಂಗ, ಪುರುಷ ಮೂರೂ ಹೊಂದಬೇಕು. ಇಷ್ಟು ಮಾಡಿದರೆ ಅರ್ಧ ಪ್ರಶ್ನೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಉಳಿದರ್ಧದಲ್ಲಿ ಗೆರೆ ಎಳೆದ ಮೇಲೂ ಕಿವಿ ಮೋಸ ಮಾಡುತ್ತದೆ.

ಅತಿ ಹೆಚ್ಚು ಮೋಸ ಆಗುವುದು ‘ಎವ್ರಿ’, ‘ಈಚ್’, ‘ಎವ್ರಿವನ್’ ಬಂದಾಗ. ನಾವು ‘ಪ್ರತಿಯೊಬ್ಬರೂ ತಮ್ಮ ತಮ್ಮ ಪುಸ್ತಕ ತಂದಿದ್ದಾರೆ’ ಎನ್ನುತ್ತೇವೆ. ‘ಒಬ್ಬ’ ಒಳಗೇ ಕೂತಿದ್ದರೂ ಸರ್ವನಾಮ ಬಹುವಚನ, ಕ್ರಿಯಾಪದವೂ ಬಹುವಚನ. ಗಂಡೋ ಹೆಣ್ಣೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ‘ತಮ್ಮ’ ಎಲ್ಲರನ್ನೂ ಸಂಭಾಳಿಸುತ್ತದೆ. ಹೀಗಾಗಿ ‘ಎವ್ರಿ ಸ್ಟೂಡೆಂಟ್ ಹ್ಯಾಸ್ ಬ್ರಾಟ್ ದೇರ್ ಬುಕ್’ ಎಂಬ ವಾಕ್ಯ ಕನ್ನಡದ ಕಿವಿಗೆ ಬಹಳ ಹಿತ. ಪರೀಕ್ಷೆಯ ಕೀ ಉತ್ತರ ಮಾತ್ರ ‘ದೇರ್’ ಇರುವ ತುಂಡಿಗೇ ಕೆಂಪು ಗುರುತು ಹಾಕುತ್ತದೆ. ‘ಹ್ಯಾಸ್’ ಏಕವಚನ ಎಂದು ಕೂಗಿ ಹೇಳುತ್ತಿರುವಾಗ ಸರ್ವನಾಮವೂ ಏಕವಚನವೇ ಆಗಬೇಕು, ‘ಹಿಸ್’ ಅಥವಾ ‘ಹಿಸ್ ಆರ್ ಹರ್’ ಬರಬೇಕು ಎಂಬುದು ಅವರ ನಿಯಮ.

ಹುಡುಗಿಯರು ಇಲ್ಲಿ ಕೇಳುತ್ತೀರಿ, ಅದೇಕೆ ‘ಹಿಸ್’ ಎಂದು. ಕೇಳಬೇಕಾದದ್ದೇ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆಗಳ ಭಾಷೆ ಚಿಕ್ಕದಾಗಲಿ ಎಂದು ಒಂದು ಕಾನೂನು ಮಾಡಿತು. ಪುಲ್ಲಿಂಗದ ಪದ ಇದ್ದರೆ ಅದರಲ್ಲಿ ಸ್ತ್ರೀಯರೂ ಸೇರಿದ್ದಾರೆ ಎಂದು ತಿಳಿಯತಕ್ಕದ್ದು ಎಂಬ ಮಾತು ಅದರಲ್ಲಿತ್ತು. ನಮ್ಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಕಲಮಿನಲ್ಲೂ ಅದೇ ಇದೆ. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಮು ‘ಹಿ’ ಎಂಬ ಸರ್ವನಾಮವೇ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ ಎಂದಿತ್ತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಪಿಎಸ್‌ಐ ಪರೀಕ್ಷೆಗೆ ಓದುವವರು ಅದರ 2ನೇ ಕಲಮನ್ನು ತೆರೆದು ನೋಡಿ, ಅಲ್ಲಿ ‘ಹಿ’ ಪುರುಷ, ಸ್ತ್ರೀ, ಲಿಂಗತ್ವ ಅಲ್ಪಸಂಖ್ಯಾತರು ಮೂವರಿಗೂ ಅನ್ವಯಿಸುತ್ತದೆ ಎಂದಿದೆ. ಅಂದರೆ ಅರ್ಥ ಹಿಗ್ಗಿದೆ, ಪದ ಅದೇ ಉಳಿದಿದೆ.

ಇತ್ತ ಇಂಗ್ಲಿಷ್ ಆಡುವ ಜನ ಕಾನೂನಿಗೆ ಕಾಯಲಿಲ್ಲ. ಒಬ್ಬರನ್ನು ಕುರಿತೇ ‘ದೇ’ ಎನ್ನುವುದು ಆ ಭಾಷೆಯಲ್ಲಿ ಶತಮಾನಗಳ ರೂಢಿ. ಜೇನ್ ಆಸ್ಟಿನ್ ಕಾದಂಬರಿಗಳಲ್ಲೂ ಅದು ಸಿಗುತ್ತದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟು ‘ದೇ’ಯನ್ನೇ ವರ್ಷದ ಪದವೆಂದು ಆರಿಸಿತು. ಅಮೆರಿಕದ ಮನೋವಿಜ್ಞಾನ ಸಂಘ ತನ್ನ ಬರವಣಿಗೆ ಕೈಪಿಡಿಯ ಏಳನೇ ಆವೃತ್ತಿಯಲ್ಲಿ ಅದನ್ನು ಒಪ್ಪಿತು. ಆದ್ದರಿಂದ ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮಗ ‘ಎವ್ರಿವನ್’ ಜೊತೆ ‘ದೇರ್’ ಬರೆದರೆ ತಿದ್ದಲು ಹೋಗಬೇಡಿ, ಅವನು ಸರಿಯಾಗಿಯೇ ಬರೆದಿದ್ದಾನೆ. ನಮ್ಮ ಪ್ರಶ್ನೆಪತ್ರಿಕೆಗಳು ಮಾತ್ರ ಇನ್ನೂ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದ ಕಾಲದಲ್ಲೇ ನಿಂತಿವೆ. (ಆ ರೆನ್ ಅವರು 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದವರೇ. ನಮ್ಮಲ್ಲಿ ಆ ಕಾದಂಬರಿ ಓದಿದವರು ಕಡಿಮೆ, ಅವರ ವ್ಯಾಕರಣಕ್ಕೆ ಹೆದರಿದವರೇ ಹೆಚ್ಚು.)

ಹಾಗಾದರೆ ಪರೀಕ್ಷೆಯಲ್ಲಿ ಏನು ಮಾಡುವುದು? ಹಳೆಯ ನಿಯಮವನ್ನೇ ಹಿಡಿಯಿರಿ. ಆಯ್ಕೆಗಳಲ್ಲಿ ‘ಹಿಸ್ ಆರ್ ಹರ್’ ಇದ್ದರೆ ಕಣ್ಣು ಮುಚ್ಚಿ ಅದಕ್ಕೆ ಹಾಕಿ. ಆದರೆ ಒಂದು ಎಚ್ಚರ. ವಾಕ್ಯದಲ್ಲಿ ‘ಎವ್ರಿವನ್’ ಜೊತೆ ‘ದೇರ್’ ಬಂದಿದ್ದು, ಇನ್ನೊಂದು ತುಂಡಿನಲ್ಲಿ ಎದ್ದು ಕಾಣುವ ಬೇರೆ ತಪ್ಪಿದ್ದರೆ, ಆ ಬೇರೆ ತಪ್ಪನ್ನೇ ಆರಿಸಿ. ಪ್ರಶ್ನೆ ತೆಗೆದವರು ಹೊಸ ರೂಢಿಯವರು ಎಂದು ಅರ್ಥ.

‘ಆಫ್’ ಬಂದರೆ ಇನ್ನೊಂದು ಬಲೆ. ‘ಈಚ್ ಆಫ್ ದಿ ಮಷೀನ್ಸ್ ಹ್ಯಾಸ್ ದೇರ್ ಓನ್ ಮೋಟರ್’ ಎಂಬಲ್ಲಿ ‘ಮಷೀನ್ಸ್’ ಪಕ್ಕದಲ್ಲೇ ಕೂತು ನಿಮ್ಮ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ‘ಆಫ್’ನಿಂದ ಶುರುವಾಗುವ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿ. ಉಳಿಯುವುದು ‘ಈಚ್ ಹ್ಯಾಸ್’. ಅದರ ಸರ್ವನಾಮ ‘ಇಟ್ಸ್’. ‘ನೀದರ್ ಆಫ್ ದಿ ಸಿಸ್ಟರ್ಸ್’ ಎಂದರೂ ಅಷ್ಟೇ, ‘ಹರ್’ ಬರಬೇಕು. ಆದರೆ ‘ಈಚ್’ ಜಾಗ ಬದಲಾಯಿಸಿ ಬಹುವಚನದ ಕರ್ತೃವಿನ ಹಿಂದೆ ಬಂದರೆ ಆಟವೇ ಬದಲು. ‘ದಿ ಬಾಯ್ಸ್ ಈಚ್ ಹ್ಯಾವ್ ದೇರ್ ಓನ್ ಬೈಕ್ಸ್’ ಸರಿಯಾದ ವಾಕ್ಯ, ಅದನ್ನು ತಪ್ಪೆಂದು ಹೊಡೆಯಬೇಡಿ. ಬೆರಳು ಮುಚ್ಚುವ ಉಪಾಯ ಕೈಕೊಡುವ ಜಾಗವೂ ಒಂದಿದೆ. ‘ರವಿ ಈಸ್ ವನ್ ಆಫ್ ದೋಸ್ ಕ್ಯಾಂಡಿಡೇಟ್ಸ್ ಹೂ ಟ್ರಸ್ಟ್ ಹಿಮ್‌ಸೆಲ್ಫ್’ ಎಂಬಲ್ಲಿ ‘ಹೂ’ ಹಿಡಿಯುವುದು ಆ ಅಭ್ಯರ್ಥಿಗಳನ್ನು, ಒಬ್ಬ ರವಿಯನ್ನಲ್ಲ. ಹಾಗಾಗಿ ‘ದೆಮ್‌ಸೆಲ್ವ್ಸ್’. ಇದು ಮೇಲಿನ ಹಂತದ ಪ್ರಶ್ನೆ, ಪರೀಕ್ಷಕರಿಗೆ ಬಹಳ ಪ್ರೀತಿ.

‘ಐದರ್–ಆರ್’, ‘ನೀದರ್–ನಾರ್’ ಬಂದರೆ ಹತ್ತಿರದ ನಾಮಪದ ಗೆಲ್ಲುತ್ತದೆ. ‘ದಿ ಸೆಕ್ರೆಟರಿ ಆಂಡ್ ಟ್ರೆಷರರ್’ ಎಂದು ಒಂದೇ ‘ದಿ’ ಇದ್ದರೆ ಎರಡು ಹುದ್ದೆಯ ಒಬ್ಬ ಮನುಷ್ಯ, ‘ಹಿಸ್’. ಎರಡೂ ಕಡೆ ‘ದಿ’ ಇದ್ದರೆ ಇಬ್ಬರು, ‘ದೇರ್’. ಬರೀ ‘ವನ್’ ಕರ್ತೃವಾದರೆ ಹಿಂದೆ ‘ವನ್ಸ್’, ‘ವನ್‌ಸೆಲ್ಫ್’ ಬರಬೇಕು ಎಂಬುದು ಬ್ರಿಟಿಷ್ ಪದ್ಧತಿ, ನಮ್ಮ ಕೀ ಉತ್ತರಗಳದ್ದೂ ಅದೇ. ಆದರೆ ‘ವನ್ ಆಫ್ ದಿ ಬಾಯ್ಸ್’ ಎಂದಾಗ ‘ಹಿಸ್’. ಈ ಎರಡನ್ನೂ ಕಲಸಿಕೊಳ್ಳುವವರು ಬಹಳ.

ಸಮಿತಿ, ಕಂಪನಿ, ಬ್ಯಾಂಕು ಇಂಥವುಗಳಲ್ಲಿ ನಮ್ಮ ಬರೆಯುವ ಕನ್ನಡ ಸಹಾಯಕ್ಕೆ ಬರುತ್ತದೆ, ಆಡುವ ಕನ್ನಡ ಕೈಕೊಡುತ್ತದೆ. ಪತ್ರಿಕೆಯಲ್ಲಿ ‘ಸಮಿತಿ ತನ್ನ ವರದಿ ಸಲ್ಲಿಸಿತು’ ಎಂದು ಓದುತ್ತೀರಿ. ‘ದಿ ಕಮಿಟಿ ಹ್ಯಾಸ್ ಸಬ್ಮಿಟೆಡ್ ಇಟ್ಸ್ ರಿಪೋರ್ಟ್’ ಅದಕ್ಕೆ ತಕ್ಕ ಜೋಡಿ. ಮಾತಿನಲ್ಲಿ ನಾವು ‘ಬ್ಯಾಂಕಿನವರು ತಮ್ಮ ರೂಲ್ಸ್ ಬದಲಾಯಿಸಿದ್ದಾರೆ’ ಎನ್ನುತ್ತೇವೆ, ಆಮೇಲೆ ‘ದಿ ಬ್ಯಾಂಕ್ ಹ್ಯಾಸ್ ಚೇಂಜ್ಡ್ ದೇರ್ ರೂಲ್ಸ್’ ಕಂಡರೆ ಸುಮ್ಮನೆ ಬಿಟ್ಟುಬಿಡುತ್ತೇವೆ. ಸಮೂಹ ಒಂದಾಗಿ ನಡೆದುಕೊಂಡರೆ ‘ಇಟ್ಸ್’. ಒಳಗೇ ಭಿನ್ನಾಭಿಪ್ರಾಯ ಬಂದು ಚದುರಿದರೆ ಮಾತ್ರ ‘ದೇರ್’.

ಗೌರವದ ಬಹುವಚನದ ಕಾಟ ಬೇರೆ. ‘ಪ್ರಿನ್ಸಿಪಾಲರು ತಮ್ಮ ಕೊಠಡಿಯಲ್ಲಿದ್ದಾರೆ’ ಎಂದು ಬೆಳೆದವರು ನಾವು. ‘ಅಪ್ಪ ಬಂದಿದ್ದಾರೆ, ಅವರಿಗೆ ಕಾಫಿ ಕೊಡು’ ಎನ್ನುವ ಮನೆಯವರು. ಹಿರಿಯರನ್ನು ‘ಹಿ’ ಎನ್ನಲು ನಾಲಿಗೆ ಹಿಂಜರಿಯುತ್ತದೆ, ‘ಅವನು’ ಎಂದಂತೆ ಕೇಳಿಸುತ್ತದೆ. ಹಿಂಜರಿಯಬೇಡಿ. ಇಂಗ್ಲಿಷಿನ ‘ಹಿ’ಗೆ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ. ಪ್ರಧಾನಿಯೂ ‘ಹಿ’, ಕಳ್ಳನೂ ‘ಹಿ’.

ಇನ್ನು ‘ಸೆಲ್ಫ್’ ಹಚ್ಚಿದ ಪದಗಳು. ನಮ್ಮ ಶಾಲೆಯ ವ್ಯಾಕರಣದಲ್ಲಿ ‘ತಾನು, ತಾವು’ಗಳನ್ನು ಆತ್ಮಾರ್ಥಕ ಸರ್ವನಾಮ ಎಂದು ಓದಿದ್ದೀರಿ. ಸರಿ, ‘ತಾನು’ ಅಂದರೆ ‘ಹಿಮ್‌ಸೆಲ್ಫ್’ ಎಂದು ಲೆಕ್ಕ ಕೂಡಿಸಿ ಮುಗಿಸಿದಿರಿ. ಅನರ್ಥ ಅಲ್ಲಿಂದ ಶುರು. ‘ತಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ’ ಎಂಬ ಕನ್ನಡ ಸೊಗಸಾಗಿದೆ. ಅದನ್ನು ‘ರವಿ ಸೆಡ್ ದಟ್ ಹಿಮ್‌ಸೆಲ್ಫ್ ವುಡ್ ಕಮ್’ ಮಾಡಿದರೆ ಕೆಟ್ಟಿತು. ನಮ್ಮ ‘ತಾನು’ ವಾಕ್ಯದೊಳಗಿನ ವಾಕ್ಯದಲ್ಲಿ ಕೂತು ಹೊರಗಿನ ರವಿಯ ಕಡೆ ಕೈ ತೋರಿಸಬಲ್ಲದು. ‘ಹಿಮ್‌ಸೆಲ್ಫ್’ಗೆ ಅಷ್ಟು ಉದ್ದದ ಕೈ ಇಲ್ಲ. ಸಾಮಾನ್ಯವಾಗಿ ತಾನಿರುವ ಪುಟ್ಟ ವಾಕ್ಯದ ಕರ್ತೃವನ್ನೇ ಅದು ಮುಟ್ಟಬೇಕು.

ಈ ವ್ಯತ್ಯಾಸ ಎಷ್ಟು ಆಳದ್ದು ಎನ್ನುವುದಕ್ಕೆ ಒಂದು ಜೋಡಿ ಕೊಡುತ್ತೇನೆ, ನಿಧಾನವಾಗಿ ಓದಿ. ‘ರವಿ ಸುರೇಶನಿಗೆ ತನಗೆ ಸಹಾಯ ಮಾಡಲು ಹೇಳಿದ.’ ಸಹಾಯ ಯಾರಿಗೆ? ರವಿಗೆ. ಈಗ ‘ರವಿ ಆಸ್ಕ್ಡ್ ಸುರೇಶ್ ಟು ಹೆಲ್ಪ್ ಹಿಮ್‌ಸೆಲ್ಫ್.’ ಇಲ್ಲಿ ಸಹಾಯ ಮಾಡಬೇಕಾದವನು ಸುರೇಶ, ಆದ್ದರಿಂದ ‘ಹಿಮ್‌ಸೆಲ್ಫ್’ ಕೂಡ ಸುರೇಶನೇ. ಊಟದ ಮೇಜಿನ ಮುಂದೆ ಹೇಳಿದ ಮಾತಾದರೆ, ‘ನಿನಗೆ ಬೇಕಾದ್ದು ನೀನೇ ಬಡಿಸಿಕೋ’ ಎಂದ ಹಾಗಾಯಿತು. ರವಿಗೇ ಸಹಾಯ ಬೇಕಿದ್ದರೆ ಬರೀ ‘ಹಿಮ್’ ಸಾಕು. ಪದಕ್ಕೆ ಪದ ಇಟ್ಟರೆ ಸಹಾಯ ಪಡೆಯುವವನೇ ಬದಲಾಗುತ್ತಾನೆ. ಇಂಥ ಪ್ರಶ್ನೆ ಬಂದಾಗ ಹತ್ತಿರದ ಕ್ರಿಯಾಪದ ಹಿಡಿದು, ಆ ಕೆಲಸ ಮಾಡುವವರು ಯಾರು ಎಂದು ಕೇಳಿ. ಅದೇ ಮನುಷ್ಯನಾದರೆ ‘ಸೆಲ್ಫ್’, ಬೇರೆಯವನಾದರೆ ಬೇಡ.

ಎರಡನೆಯ ತೊಡಕು ನಮ್ಮ ‘ಕೊಳ್ಳು’ವಿನದು. ಕನ್ನಡ ತನ್ನ ಮೇಲೆ ತಾನೇ ಮಾಡಿಕೊಳ್ಳುವ ಕೆಲಸವನ್ನು ಬಹಳ ಸಲ ಕ್ರಿಯಾಪದದ ಬಾಲದಲ್ಲೇ ಮುಗಿಸಿಬಿಡುತ್ತದೆ. ನೋಡಿಕೊಂಡ, ಹೊಡೆದುಕೊಂಡ, ಪರಿಚಯ ಮಾಡಿಕೊಂಡ. ಬೇರೆ ಸರ್ವನಾಮ ಬೇಕಾಗುವುದೇ ಇಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲವಿಲ್ಲ, ಅದು ‘ಸೆಲ್ಫ್’ ಕೇಳುತ್ತದೆ. ನಾವು ಕೊಡಲು ಮರೆಯುತ್ತೇವೆ. ‘ಟ್ರಿಪ್‌ನಲ್ಲಿ ಚೆನ್ನಾಗಿ ಎಂಜಾಯ್ ಮಾಡಿದ್ವಿ’ ಎಂಬುದು ‘ವಿ ಎಂಜಾಯ್ಡ್ ಡ್ಯೂರಿಂಗ್ ದಿ ಟ್ರಿಪ್’ ಆಗುತ್ತದೆ. ಪರೀಕ್ಷೆಯ ಪ್ರಕಾರ ಇದು ಅರ್ಧ ವಾಕ್ಯ. ಏನನ್ನು ಎಂಜಾಯ್ ಮಾಡಿದಿರಿ? ‘ದಿ ಟ್ರಿಪ್’ ಅನ್ನಿ, ಇಲ್ಲವೇ ‘ಅವರ್‌ಸೆಲ್ವ್ಸ್’ ಹಾಕಿ. ‘ಆಬ್ಸೆಂಟ್’ ಕ್ರಿಯಾಪದವಾಗಿ ಬಂದರೂ ಹೀಗೆ, ‘ಹಿ ಆಬ್ಸೆಂಟೆಡ್ ಹಿಮ್‌ಸೆಲ್ಫ್ ಫ್ರಮ್ ದಿ ಕ್ಲಾಸ್’. ‘ಪ್ರೈಡ್’ ಕ್ರಿಯಾಪದವಾದರೂ ಹೀಗೆಯೇ.

ಎಲ್ಲಕ್ಕಿಂತ ತಮಾಷೆಯದು ‘ಅವೇಲ್’. ಬ್ಯಾಂಕುಗಳ ಜಾಹೀರಾತುಗಳಲ್ಲಿ ‘ಅವೇಲ್ ಹೋಮ್ ಲೋನ್’ ಎಂಬ ಮಾತು ನಮಗೆ ಕಣ್ಣಿಗೆ ಒಗ್ಗಿಹೋಗಿದೆ. ಕನ್ನಡದಲ್ಲಿ ‘ಸಾಲ ಸೌಲಭ್ಯ ಪಡೆದುಕೊಳ್ಳಿ’ ಎಂದು ‘ಕೊಳ್ಳಿ’ ಸರಿಯಾಗಿಯೇ ಇರುತ್ತದೆ. ಅದೇ ಬ್ಯಾಂಕಿನ ಕೆಲಸಕ್ಕೆ ನೀವು ಪರೀಕ್ಷೆ ಬರೆಯಲು ಹೋದರೆ, ‘ಹಿ ಅವೇಲ್ಡ್ ಆಫ್ ದಿ ಆಪರ್ಚುನಿಟಿ’ ಎಂಬುದು ತಪ್ಪು. ‘ಅವೇಲ್ಡ್ ಹಿಮ್‌ಸೆಲ್ಫ್ ಆಫ್’ ಎನ್ನಬೇಕು. ‘ಹಿಮ್‌ಸೆಲ್ಫ್’ ಮತ್ತು ‘ಆಫ್’ ಎರಡೂ ಬೇಕು. ಜಾಹೀರಾತು ನೋಡಿ ಇಂಗ್ಲಿಷ್ ಕಲಿಯಬೇಡಿ.

ಇದರ ವಿರುದ್ಧದ ಪಟ್ಟಿಯೂ ಗೈಡುಗಳಲ್ಲಿರುತ್ತದೆ. ಕೀಪ್, ಸ್ಟಾಪ್, ಟರ್ನ್, ಹೈಡ್, ರೆಸ್ಟ್, ಬೇದ್ ಇವುಗಳ ಜೊತೆ ‘ಸೆಲ್ಫ್’ ಬರಕೂಡದು ಎಂದು. ನನಗೆ ಈ ಪಟ್ಟಿ ಅತಿಯಾಯಿತು ಅನ್ನಿಸುತ್ತದೆ. ‘ಹಿ ಹಿಡ್ ಹಿಮ್‌ಸೆಲ್ಫ್ ಬಿಹೈಂಡ್ ದಿ ಡೋರ್’ ಎಂದು ಒಳ್ಳೆಯ ಇಂಗ್ಲಿಷ್ ಬರೆಯುವವರೂ ಬರೆಯುತ್ತಾರೆ. ಆದರೆ ನಿಮ್ಮ ಕೀ ಉತ್ತರ ಅದನ್ನು ಕೇಳುವುದಿಲ್ಲ. ಪಟ್ಟಿ ಓದಿಕೊಳ್ಳಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡಿ.

‘ಸೆಲ್ಫ್’ಗೆ ಇನ್ನೊಂದು ಕೆಲಸವಿದೆ, ಒತ್ತು ಕೊಡುವುದು. ‘ಮಂತ್ರಿಗಳೇ ಬಂದಿದ್ದರು’ ಎಂಬುದರ ಆ ‘ಏ’ ಇದೆಯಲ್ಲ, ‘ದಿ ಮಿನಿಸ್ಟರ್ ಹಿಮ್‌ಸೆಲ್ಫ್ ಕೇಮ್’ ಎಂಬಲ್ಲಿ ‘ಹಿಮ್‌ಸೆಲ್ಫ್’ ಮಾಡುವುದು ಅದನ್ನೇ. ತೆಗೆದು ನೋಡಿ. ವಾಕ್ಯ ನಿಂತರೆ ಅದು ಒತ್ತಿನದು, ಕುಸಿದರೆ ಆತ್ಮಾರ್ಥಕ. ಈ ಎರಡನ್ನು ಬೇರೆ ಮಾಡಿ ಎಂಬ ಪ್ರಶ್ನೆ ಬಂದರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

‘ಯೂ’ ಕೂಡ ಒಂದು ಹೊಂಡ. ‘ನೀನು, ನೀವು’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ‘ಯೂ’. ಅದು ಒಬ್ಬರೋ ಹಲವರೋ ಎಂದು ಪದವೇ ಬಾಯಿಬಿಡುವುದು ‘ಸೆಲ್ಫ್’ ಹಚ್ಚಿದಾಗ ಮಾತ್ರ. ‘ಚಿಲ್ಡ್ರನ್, ಬಿಹೇವ್ ಯುವರ್‌ಸೆಲ್ವ್ಸ್.’ ‘ಸರ್, ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್.’ ಹಿರಿಯರಿಗೆ ಬಹುವಚನ ಹಾಕಿ ಅಭ್ಯಾಸವಾದ ನಾವು ಸಾಹೇಬರೊಬ್ಬರಿಗೂ ‘ಯುವರ್‌ಸೆಲ್ವ್ಸ್’ ಎಂದುಬಿಡುತ್ತೇವೆ. ಎದುರಿಗೆ ಇರುವವರು ಎಷ್ಟು ಮಂದಿ ಎಂಬುದೊಂದೇ ಇಲ್ಲಿ ಲೆಕ್ಕ.

‘ಹಿಸ್‌ಸೆಲ್ಫ್’, ‘ದೇರ್‌ಸೆಲ್ವ್ಸ್’ ಎಂಬ ಪದ ಆಯ್ಕೆಯಲ್ಲಿ ಕಂಡರೆ ಯೋಚನೆ ಮಾಡದೆ ತಳ್ಳಿಹಾಕಿ. ‘ಮೈ’, ‘ಯುವರ್’, ‘ಅವರ್’ ಷಷ್ಠಿಯ ರೂಪಕ್ಕೆ ‘ಸೆಲ್ಫ್’ ಸೇರಿದೆ, ‘ಹಿಮ್’, ‘ದೆಮ್’ ದ್ವಿತೀಯೆಯ ರೂಪಕ್ಕೆ ಸೇರಿದೆ. ಯಾಕೆ ಹೀಗೆ ಸೊಟ್ಟ ಎಂದು ಕೇಳಿದರೆ ರೂಢಿ ಎನ್ನಬೇಕು ಅಷ್ಟೇ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಕೆಲವು ಕಡೆಯ ಆಡುಮಾತಿನಲ್ಲಿ ‘ಹಿಸ್‌ಸೆಲ್ಫ್’ ಬದುಕಿದೆ, ಪರೀಕ್ಷೆಯಲ್ಲಿ ಬದುಕಿಲ್ಲ.

ಕೊನೆಗೆ ‘ಮೈಸೆಲ್ಫ್’. ‘ರವಿ ಆಂಡ್ ಮೈಸೆಲ್ಫ್ ವೆಂಟ್’, ‘ಪ್ಲೀಸ್ ಕಾಂಟ್ಯಾಕ್ಟ್ ರವಿ ಆರ್ ಮೈಸೆಲ್ಫ್’. ಆಫೀಸಿನ ಇಮೇಲ್‌ಗಳಲ್ಲಿ ಇದು ತುಂಬಿ ತುಳುಕುತ್ತಿದೆ. ‘ಐ’ ಎಂದರೆ ಗರ್ವ, ‘ಮಿ’ ಎಂದರೆ ಹಗುರ, ‘ಮೈಸೆಲ್ಫ್’ ಎಂದರೆ ದೊಡ್ಡ ಮನುಷ್ಯನ ಇಂಗ್ಲಿಷ್ ಎಂಬ ಭ್ರಮೆ. ರವಿಯನ್ನು ವಾಕ್ಯದಿಂದ ಎಬ್ಬಿಸಿ ಆಚೆ ಕಳಿಸಿ. ‘ಮೈಸೆಲ್ಫ್ ವೆಂಟ್’ ಎಂದು ಯಾರಾದರೂ ಹೇಳುತ್ತಾರೆಯೇ? ‘ಐ ವೆಂಟ್’. ಹಾಗಾದರೆ ‘ರವಿ ಆಂಡ್ ಐ’. ‘ಕಾಂಟ್ಯಾಕ್ಟ್ ಮಿ’. ಹಾಗಾದರೆ ‘ರವಿ ಆರ್ ಮಿ’. ‘ಬಿಟ್ವೀನ್ ಯೂ ಆಂಡ್ ಐ’ ಎಂಬ ಪ್ರಸಿದ್ಧ ತಪ್ಪಿಗೂ ಇದೇ ಮದ್ದು: ‘ಬಿಟ್ವೀನ್’ ಹಿಂದೆ ‘ಅಸ್’ ಹಾಕಿ ನೋಡಿ, ‘ವಿ’ ಹಾಕಿ ನೋಡಿ, ಯಾವುದು ಕೂರುತ್ತದೋ ಅದರ ಜಾತಿಯ ಪದ ಬರಬೇಕು. ಅಂದರೆ ‘ಮಿ’.

ಪರೀಕ್ಷೆ ಗೆದ್ದು ಸಂದರ್ಶನದ ಕೊಠಡಿಯವರೆಗೆ ಹೋಗುವವರಿಗೆ ಇನ್ನೊಂದೇ ಮಾತು. ‘ಮೈಸೆಲ್ಫ್ ಮಂಜುನಾಥ, ಫ್ರಮ್ ಹಾವೇರಿ’ ಎಂದು ಶುರುಮಾಡಬೇಡಿ. ಆ ವಾಕ್ಯದಲ್ಲಿ ಕರ್ತೃವೂ ಇಲ್ಲ, ಕ್ರಿಯಾಪದವೂ ಇಲ್ಲ, ‘ಮೈಸೆಲ್ಫ್’ ಯಾರ ಕಡೆಯದು ಎಂದು ಕೇಳಿದರೆ ತೋರಿಸಲು ಅಲ್ಲಿ ‘ಐ’ಯೇ ಇಲ್ಲ. ‘ಐ ಆಮ್ ಮಂಜುನಾಥ’ ಎನ್ನಿ, ಕೂತುಕೊಳ್ಳಿ ಎನ್ನುವವರೆಗೆ ನಿಂತಿರಿ.